ಹದಿನೇಳನೇ ಕಲಂ

“ಹದಿನೇಳನೇ ಕಲಂ ಖಾಲಿ ಬಿಟ್ಟಿದ್ದೀರಲ್ಲಮ್ಮ,” ಎಂದು ಗುಮಾಸ್ತರು ಅರ್ಜಿಯನ್ನು ಗಾಜಿನ ಕಿಂಡಿಯಿಂದ ಹೊರಕ್ಕೆ ತಳ್ಳಿದರು. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಐದಕ್ಕೆ ಕಿಂಡಿ ಮುಚ್ಚುತ್ತದೆ. ಇವತ್ತೇ ಕೊನೆಯ ದಿನ.

ವರ್ಕ್‌ಶಾಪಿನೊಡತಿ ಓದಿದಳು: ‘ಸದರಿ ವಸ್ತುವಿಗೆ ಹಾರಾಟದ ಅನುಭವ ಇದೆಯೇ? ದಾಖಲೆ ಲಗತ್ತಿಸಿ.’ ಸದರಿ ವಸ್ತು ಅವಳ ಕೈಯ ಡಬ್ಬಿಯಲ್ಲೇ ಇತ್ತು. ಉಪಗ್ರಹದೊಳಗೆ ಇಂಧನವನ್ನು ಹನಿಹನಿಯಾಗಿ ಬಿಡುವ, ಹೆಬ್ಬೆರಳಿನಷ್ಟು ಗಾತ್ರದ ವಾಲ್ವು. ಅವಳೂ ತಮ್ಮನೂ ಇರುವ ಒಂದೇ ಲೇಥಿನ ಮುಂದೆ ಮೂರು ವರ್ಷ ಬೆನ್ನು ಬಗ್ಗಿಸಿ ಮಾಡಿದ್ದು. ಸಣ್ಣ ಉದ್ದಿಮೆಗಳನ್ನು ಅಂತರಿಕ್ಷಕ್ಕೆ ಏರಿಸಿಯೇ ತೀರುತ್ತೇವೆಂದು ಸರ್ಕಾರ ಪಣ ತೊಟ್ಟು ತಂದ ಯೋಜನೆಗೆ ಇದು ಅವಳ ಮೂರನೇ ಅರ್ಜಿ. ಮೂರು ಸಲ ತಿರಸ್ಕಾರವಾದರೆ ನಾಲ್ಕನೇ ಸಲ ಹಾಕುವಂತಿಲ್ಲ. ಪ್ರೋತ್ಸಾಹಕ್ಕೂ ಒಂದು ಮಿತಿ ಬೇಡವೇ?

“ಸಾರ್, ಹಾರಿಸೋಕೆ ಅಂತಾನೇ ಅಲ್ವಾ ನಿಮ್ಮ ಹತ್ರ ಬಂದಿರೋದು?”

“ಹಾರಿರೋದನ್ನ ಮಾತ್ರ ನಾವು ಕೊಳ್ಳೋದಮ್ಮ. ಹಾರದೇ ಇರೋದು ಬಿದ್ದುಬಿಟ್ರೆ?”

“ನೀವು ಕೊಂಡ್ರೆ ತಾನೇ ಅದು ಹಾರೋದು?”

“ನೀವು ಹೇಳೋದು ನೂರಕ್ಕೆ ನೂರು ಸರಿ,” ಗುಮಾಸ್ತರು ಮನಸಾರೆ ಒಪ್ಪಿದರು. ಮನುಷ್ಯ ಕೆಟ್ಟವರೇನಲ್ಲ. “ಆದ್ರೆ ಅದನ್ನ ಬರೆಯೋಕೆ ಕಲಂ ಇಲ್ವಲ್ಲ.”

ಪಕ್ಕದಲ್ಲಿ ನಿಂತಿದ್ದ ತಮ್ಮನಿಗೆ ರೇಗಿತು. “ಅಕ್ಕ, ಮದುವೆಯಾಗಿ ಅನುಭವ ಇರೋ ಗಂಡೇ ಬೇಕು ಅಂತ ಹಟ ಹಿಡಿದಿದಾರೆ ಇವ್ರು. ನಡಿ, ಮನೆಗೆ ಹೋಗೋಣ.”

ಅಕ್ಕ ಕದಲಲಿಲ್ಲ. ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ಪರ್ರನೆ ಕಿತ್ತಳು. ಹೋದ ತಿಂಗಳು ವಾಲ್ವನ್ನು ದೂರದೂರಿನ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳಿಸಿದಾಗಿನ ಕೊರಿಯರ್ ಚೀಟಿ. ‘ವಿಮಾನದ ಮೂಲಕ’ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು.

“ತಗೊಳ್ಳಿ ಸಾರ್, ಹಾರಿದೆ. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ಲಗತ್ತಿಸ್ಕೊಳ್ಳಿ!”

ಚುಚ್ಚಬೇಕೆಂದೇ ಆಡಿದ ಮಾತು. ಚುಚ್ಚಲಿಲ್ಲ. ಗುಮಾಸ್ತರು ಕನ್ನಡಕ ಏರಿಸಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದಿನಾಂಕ ಇತ್ತು, ನಂಬರು ಇತ್ತು, ಮೊಹರೂ ಇತ್ತು. ಅವರ ಮುಖ ಅರಳಿತು.

“ಮೊದಲೇ ಹೇಳಬಾರದಾ ತಾಯಿ? ಇಷ್ಟು ಹೊತ್ತು ಸುಮ್ನೆ ನನ್ನ ತಲೆ ತಿಂದ್ರಿ.” ಅರ್ಜಿಯ ಮೇಲೆ ಟಪ್ಪನೆ ಸೀಲು ಬಿತ್ತು. ಜೊತೆಗಿದ್ದ ಪ್ರಯೋಗಾಲಯದ ಅರವತ್ತು ಪುಟದ ವರದಿಯನ್ನು ಮಾತ್ರ ಜೋಪಾನವಾಗಿ ವಾಪಸು ಕೊಟ್ಟರು. “ಇದು ನಿಮ್ಮ ಹತ್ರಾನೇ ಇರ್ಲಿ. ಇದಕ್ಕೂ ಕಲಂ ಇಲ್ಲ.”

ಎರಡು ತಿಂಗಳಿಗೆ ಆದೇಶ ಬಂತು. ನಲವತ್ತು ವಾಲ್ವು ಬೇಕು! ಲೇಥಿನ ಸುತ್ತ ಒಂದು ಸುತ್ತು ಕುಣಿದು ಎರಡನೇ ಪುಟ ತಿರುಗಿಸಿದ ತಮ್ಮ ಹಾಗೇ ನಿಂತುಬಿಟ್ಟ. ‘ಸಲ್ಲಿಸಿದ ಮಾದರಿಯಂತೆಯೇ, ಪ್ರತಿಯೊಂದು ವಾಲ್ವೂ ಪೂರೈಕೆಗೆ ಮುನ್ನ ಕನಿಷ್ಠ ಎರಡು ಬಾರಿ ಹಾರಿರತಕ್ಕದ್ದು.’

ಅಕ್ಕ ದೂರದೂರಿನ ಚಿಕ್ಕಮ್ಮನಿಗೆ ಫೋನು ಹಚ್ಚಿದಳು. “ಚಿಕ್ಕಮ್ಮ, ನಿಮ್ಮನೆಗೆ ನಲವತ್ತು ಡಬ್ಬಿ ಬರ್ತವೆ. ಬಿಚ್ಚೋಕೆ ಹೋಗ್ಬೇಡಿ, ಬಂದ ಹಾಗೇ ವಿಮಾನದಲ್ಲಿ ವಾಪಸ್ ಕಳಿಸಿ.”

“ಅಯ್ಯೋ, ವಾಪಸ್ ತರಿಸ್ಕೊಳ್ಳೋ ಹಾಗಿದ್ರೆ ಕಳಿಸೋದು ಯಾಕೇ?”

“ಸರ್ಕಾರದ ಕೆಲಸ ಚಿಕ್ಕಮ್ಮ.”

“ಹಾಗೆ ಹೇಳು ಮತ್ತೆ,” ಎಂದರು ಚಿಕ್ಕಮ್ಮ. ಮುಂದೆ ಒಂದು ಮಾತೂ ಕೇಳಲಿಲ್ಲ.

ವಾಲ್ವುಗಳು ತಯಾರಾದ ದಿನ ಅಕ್ಕ ಕೊರಿಯರ್ ಅಂಗಡಿಯ ಮೇಜಿಗೆ ಒರಗಿ ನಲವತ್ತು ಚೀಟಿ ತುಂಬಲು ಕೂತಳು. ಹೆಸರು, ವಿಳಾಸ, ತೂಕ. ‘ಒಳಗಿರುವ ವಸ್ತು’ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ‘ವಾಲ್ವು’ ಎಂದು ಬರೆದಳು. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ದುಂಡಗೆ ಬರೆದಳು: ‘ಅನುಭವ’.