ಶಿವಲೀಲಾಳ ಚಕ್ಕುಲಿ ಮತ್ತು ನೀಲಿ ದೀಪ

ಹಲ್ಲಿಗೆ ತುಂಬುವ ರೆಸಿನ್ ಸುಳ್ಳು ಕೇಳಿಸಿಕೊಂಡರೆ ಗಟ್ಟಿಯಾಗುವುದಿಲ್ಲ ಎಂಬುದು ಹುಬ್ಬಳ್ಳಿಯ ಕೂಸಿಗೂ ಗೊತ್ತು. ಅದನ್ನು ಗಟ್ಟಿ ಮಾಡುವ ನೀಲಿ ದೀಪ ಹಿಡಿಯುವ ಮುಂಚೆ ಡಾಕ್ಟರ್ ವಿನುತಾ ಎಲ್ಲರಿಗೂ ಹೇಳುವಂತೆ ಫಕೀರಪ್ಪನಿಗೂ, "ಖರೇ ಇದ್ರ ಮಾತಾಡ್ರಿ, ಇಲ್ಲಾಂದ್ರ ಸುಮ್ಮನಿರ್ರಿ" ಎಂದಿದ್ದರು.

ಸುಮ್ಮನಿರುವುದು ಫಕೀರಪ್ಪನ ಜಾಯಮಾನವಲ್ಲ. ಹೆಂಡತಿ ಶಿವಲೀಲಾ ತಾನೇ ಕರಿದ ಚಕ್ಕುಲಿ ಕಡಿದು ಹಲ್ಲು ಮುರಿದುಕೊಂಡು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ದೀಪ ಹತ್ತಿದ್ದೇ ಅವಳ ಕೈ ಹಿಡಿದು, "ಚಕ್ಕುಲಿದೇನೂ ತಪ್ಪಿಲ್ಲ ಬಿಡು, ಹಲ್ಲ ಹಳೇದಾಗಿತ್ತು" ಎಂದು ಸಮಾಧಾನ ಹೇಳಿದ. ಡಾಕ್ಟರು ಕಡ್ಡಿಯಿಂದ ಮುಟ್ಟಿದರೆ ರೆಸಿನ್ ಬೆಣ್ಣೆಯಂತೆ ಜಾರಿತು.

ಒರೆಸಿ, ಒಣಗಿಸಿ, ಮತ್ತೆ ತುಂಬಿ ದೀಪ ಹಿಡಿದರು. "ಭಾಳ ಹಗರ ಆಗಿದ್ವು ಚಕ್ಕುಲಿ" ಎಂದ ಫಕೀರಪ್ಪ, ಮೂವತ್ತು ವರ್ಷದ ರೂಢಿಯಿಂದ. ಮತ್ತೆ ಬೆಣ್ಣೆ. ಶಿವಲೀಲಾಳ ಕಣ್ಣು ಮೆಲ್ಲಗೆ ಅವನತ್ತ ಹೊರಳಿತು.

"ಕಾಕಾರ, ಇನ್ನೊಮ್ಮೆ ಕೆಟ್ರ ಈ ಹಲ್ಲ ಉಳಿಯೂದಿಲ್ರಿ. ಹೊರಗರ ಹೋಗ್ರಿ, ಇಲ್ಲಾ ಖರೇ ಹೇಳ್ರಿ" ಎಂದರು ಡಾಕ್ಟರು.

ಫಕೀರಪ್ಪ ಸಂತೋಷದಿಂದಲೇ ಹೊರಗೆ ಹೋಗಿಬಿಡುತ್ತಿದ್ದ. ಆದರೆ ಶಿವಲೀಲಾ ಕೈ ಬಿಡಲಿಲ್ಲ. ದೀಪ ಹತ್ತಿತು. ಅವನು ಕಣ್ಣು ಮುಚ್ಚಿಕೊಂಡ.

"ಕಲ್ಲಾಗಿದ್ವು. ನನ್ನ ಪಾಲಿಂದು ನಾಯಿಗೆ ಹಾಕಿದೆ. ನಾಯೀನೂ ಮುಟ್ಟಲಿಲ್ಲ."

ಕಡ್ಡಿ ತಾಗಿದಾಗ ರೆಸಿನ್ ಟಣ್ ಎಂದಿತು.

ಶಿವಲೀಲಾ ಎದ್ದು ಬಾಯಿ ಮುಕ್ಕಳಿಸಿದಳು, ಹಲ್ಲಿಗೆ ಹಲ್ಲು ಕೂಡಿಸಿ ನೋಡಿದಳು.

"ಗಟ್ಟಿ ಕುಂತೈತ್ರಿ ಡಾಕ್ಟರ. ಉಳಿದ ರೆಸಿನ್ ಇವರ ಮುಂದಿನ ಹಲ್ಲಿಗೆ ಹಚ್ಚಿ ದೀಪ ಹಿಡೀರಿ. ಹಲ್ಲಿಗೇನೂ ಆಗಿಲ್ಲ. ನಾ ಇವರನ್ನ ಒಂದೀಟು ಕೇಳೂದೈತಿ."