ಮೂರು ಬಟ್ಟಲು ಪಾಯಸ

"ನೀನು ಒಂದು ಮಾತು ಹೇಳಿದ್ರೆ ಉಳ್ಕೋತೀನಿ ಮೂರ್ತಿ. ಇಲ್ದಿದ್ರೆ ನನ್ನ ಕಥೆ ಖಲಾಸ್."

ಕಂಪನಿಯ ಅಂಗಳದಲ್ಲಿ ಬಿಸಿಲಿಗೆ ಕಾದ ಕಾರಿನ ಪಕ್ಕ ನಿಂತು ಸಾಗರ್ ಹೇಳಿದ. ಶ್ರೀನಿವಾಸಮೂರ್ತಿ ಗಡಿಯಾರ ನೋಡಿಕೊಂಡ. ಸೈಟಿನ ಎಂಜಿನಿಯರುಗಳಿಗೆಲ್ಲ ಶನಿವಾರ ಮೂತ್ರಪರೀಕ್ಷೆ ಮಾಡಿಸಿದ್ದರು. ಮೂರ್ತಿಯದು ಸರಿಯಾಗಿತ್ತು. ಸಾಗರನದರಲ್ಲಿ ಅಫೀಮಿನ ಅಂಶ ಸಿಕ್ಕಿತ್ತು. ಅಫೀಮಿನ ಗಿಡದ್ದೇ ಬೀಜವಾದ ಗಸಗಸೆ ತಿಂದದ್ದರಿಂದ ಹಾಗಾಯಿತೆಂದು ಅವನು ವಾದಿಸಿದ್ದ.

ಮ್ಯಾನೇಜರ್ ಅಹ್ಮದ್ ಕೂಗಾಡಲಿಲ್ಲ. "ಗಸಗಸೆ ತಿಂದದ್ದು ನಿಜವಾದರೆ ಸಾಕ್ಷಿ ಕರೆದುಕೊಂಡು ಬಾ. ಊಟದ ಹೊತ್ತಿನವರೆಗೆ ಕಾಯುತ್ತೇನೆ. ಆದರೆ ಅದನ್ನು ಈ ದೇಶಕ್ಕೆ ತಂದವರು ಯಾರೆಂದು ಪೊಲೀಸರು ಕೇಳಿದರೆ, ನಾನು ಅಡ್ಡ ನಿಲ್ಲಲಾರೆ" ಎಂದಷ್ಟೇ ಹೇಳಿದ್ದರು.

ತಂದವರು ಮೂರ್ತಿಯ ತಾಯಿ ಸುಶೀಲಮ್ಮ. ಮೈಸೂರಿನಿಂದ ಈ ಗಲ್ಫ್ ಊರಿಗೆ ಬಂದು ವಾರವಾಗಿತ್ತು ಅಷ್ಟೆ.

ಎಲ್ಲ ಆ ಹಾಳು ಟಿವಿ ಕಾರ್ಯಕ್ರಮದಿಂದ ಆದದ್ದು ಎಂದು ಮೂರ್ತಿ ಮನಸ್ಸಿನಲ್ಲೇ ಬೈದುಕೊಂಡ. ಜನ ಕಣ್ಣು ಮುಚ್ಚಿ ನಂಬುವ ಸಂಗತಿಗಳನ್ನು ಪ್ರಯೋಗ ಮಾಡಿ ನೋಡಿ, ನಿಜವೋ ಸುಳ್ಳೋ ಎಂದು ಹೇಳುವ ಕಾರ್ಯಕ್ರಮ. ಅದರ ಹುಚ್ಚು ಹತ್ತಿದ ಮೂವರು, ಅಂದರೆ ಮೂರ್ತಿ, ಸಾಗರ್ ಮತ್ತು ಕೆಳಗಿನ ದಿನಸಿ ಅಂಗಡಿಯ ಉಮ್ಮರ್, ಗುರುವಾರ ಸಂಜೆ ಮೂರ್ತಿಯ ಅಲ್ ಖೌದ್ ಫ್ಲ್ಯಾಟಿನಲ್ಲಿ ಸೇರುತ್ತಿದ್ದರು. ಫಲಿತಾಂಶ ಬರುವ ಮೊದಲೇ ಒಬ್ಬೊಬ್ಬರೂ "ನಿಜ", "ಸುಳ್ಳು" ಎಂದು ಕೂಗಬೇಕು. ಸೋತವನು ಚಹಾ ಮಾಡಬೇಕು. ಮಕ್ಕಳಿಗಿಂತ ಕಡೆ ಎಂದು ಮೂರ್ತಿಯ ಹೆಂಡತಿ ಆಶಿತಾ ರೇಗಿಸುತ್ತಿದ್ದಳು.

ಹೋದ ಗುರುವಾರ ಸಾಗರ್ ಹಳೆಯದೊಂದು ಕಂತನ್ನು ರೆಕಾರ್ಡ್ ಮಾಡಿ ತಂದಿದ್ದ. ಸುಶೀಲಮ್ಮನ ಗಸಗಸೆ ಪಾಯಸವೂ ಅವತ್ತೇ. ಅದಕ್ಕಾಗಿ ಅವನು ಮೈಸೂರಿಗೇ ಫೋನ್ ಮಾಡಿ ಕಾಡಿದ್ದ. ತಾಯಿಯನ್ನು ಕಳೆದುಕೊಂಡವನು, ಯಾರದೋ ಅಮ್ಮನ ಕೈ ಅಡುಗೆಗೆ ಹೀಗೆ ಹಂಬಲಿಸುತ್ತಾನಲ್ಲ ಎಂದು ಮೂರ್ತಿಗೆ ಕರುಳು ಚುರುಕ್ಕೆಂದಿತ್ತು.

ಬಟ್ಟಲು ಕೈಯಲ್ಲಿದ್ದಾಗಲೇ ಟಿವಿಯಲ್ಲಿ ಪ್ರಶ್ನೆ ಬಂತು: ಗಸಗಸೆ ತಿಂದವರು ಮಾದಕವಸ್ತು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆಯೇ?

"ಸುಳ್ಳು!" ಎಂದ ಮೂರ್ತಿ.

"ನಿಜ," ಎಂದ ಸಾಗರ್. ಅವನೇ ಗೆದ್ದ.

ಉಮ್ಮರನ ಮುಖ ಬಿಳಿಚಿತು. "ಎಂತ ಮಾರಾಯ್ರೆ ಇದು! ಗಸಗಸೆ ಇಲ್ಲಿಗೆ ತರ್ಲಿಕ್ಕೇ ಇಲ್ಲ. ಸಿಕ್ಕಿದ್ರೆ ಒಳಗೆ ಹಾಕ್ತಾರೆ."

ಮೂರ್ತಿ ಅಡುಗೆಮನೆಗೆ ಓಡಿ, "ಅಮ್ಮ, ಗಸಗಸೆ ಇನ್ನೂ ಉಳಿದಿದೆಯಾ?" ಎಂದು ಕೇಳಿದ.

"ಒಂದು ಕಾಳೂ ಇಲ್ಲ ಕಣೋ," ಎಂದರು ಸುಶೀಲಮ್ಮ, ಪಾತ್ರೆಯಿಂದ ತಲೆ ಎತ್ತದೆ. ಮೂರ್ತಿ ನಿಟ್ಟುಸಿರು ಬಿಟ್ಟ.

ಸಾಗರ್ ಮಾತ್ರ ನಗುತ್ತಿದ್ದ. "ಹಾಗಾದ್ರೆ ನಾವೂ ಒಂದು ಪ್ರಯೋಗ ಮಾಡೋಣ. ಅಮ್ಮ, ಇನ್ನೂ ಹಾಕಿ. ಎಲ್ರೂ ನೋಡ್ಕೊಳ್ಳಿ, ಇದು ಮೂರನೇ ಬಟ್ಟಲು!"

"ಇದನ್ನ ತಿಂದ್ರೆ ಕೂತಲ್ಲೇ ನಿದ್ದೆ ಬರ್ತದೆ ಅಂತಾರಲ್ಲ?" ಎಂದ ಉಮ್ಮರ್. ಯಾರಿಗೂ ಒಂದು ಆಕಳಿಕೆಯೂ ಬರಲಿಲ್ಲ. "ಅದು ಸುಳ್ಳು" ಎಂದು ಮೂವರೂ ಒಕ್ಕೊರಲಿನಿಂದ ತೀರ್ಪು ಕೊಟ್ಟರು.

ಈಗ ಆ ನಗು ನೆನೆಯುತ್ತಾ ಮೂರ್ತಿ ಲೆಕ್ಕ ಹಾಕಿದ. ತಾನು ತಿಂದದ್ದು ಅರ್ಧ ಬಟ್ಟಲು, ಪಾರಾದ. ಪಾಪ, ಆಸೆಪಟ್ಟು ತಿಂದವನು ಸಿಕ್ಕಿಬಿದ್ದ. ಬಾಯಿ ಬಿಟ್ಟರೆ ಅರವತ್ತೆಂಟರ ತಾಯಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ. ಬಿಡದಿದ್ದರೆ ಸ್ನೇಹಿತನ ಬದುಕು ಬೀದಿಪಾಲು. ಅವನ ಮಗಳು ಹಿತಾ ಇನ್ನೂ ಎರಡನೆಯ ತರಗತಿ.

"ಬಾ, ಮನೆಗೆ ಹೋಗೋಣ," ಎಂದ ಮೂರ್ತಿ. "ಅಮ್ಮನ್ನ ಕೇಳ್ದೆ ನಾನು ಹೇಳಲ್ಲ."

"ಅವರನ್ನ ಯಾಕೆ ಇದಕ್ಕೆ ಎಳೀತೀಯ?" ಸಾಗರ್ ಅವನ ತೋಳು ಹಿಡಿದುಕೊಂಡ. "ವಯಸ್ಸಾದವರು, ಗಾಬರಿಯಾಗ್ತಾರೆ. ನಾವು ಮನೇಲಿ ತಿಂದ್ವಿ ಅಂತ ನೀನೇ ಹೇಳ್ಬಿಡು, ಸಾಕು."

ಇಂಥ ಹೊತ್ತಿನಲ್ಲೂ ಅಮ್ಮನ ಚಿಂತೆ ಮಾಡುತ್ತಾನಲ್ಲ ಎಂದು ಮೂರ್ತಿಯ ಕಣ್ಣು ತುಂಬಿತು. ಅಲ್ಲೇ ನಿರ್ಧಾರವೂ ಆಯಿತು: ಹೇಳಿಯೇ ತೀರಬೇಕು. ಆದರೆ ಅಮ್ಮನಿಗೆ ತಿಳಿಸಿದ ಮೇಲೆ.

ಕಾರಿನ ಏಸಿ ಜೋರಾಗಿದ್ದರೂ ಸಾಗರನ ಅಂಗಿಯ ಬೆನ್ನು ತೊಯ್ದುಹೋಗಿತ್ತು.

ಸುಶೀಲಮ್ಮ ಸೋಫಾದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. "ಇದೇನೋ ಇಬ್ರೂ ಇಷ್ಟು ಬೇಗ? ಊಟ ಹಾಕ್ಲಾ?"

ಮೂರ್ತಿ ಅವರ ಕಾಲ ಬಳಿ ನೆಲದ ಮೇಲೇ ಕುಳಿತ. ಪರೀಕ್ಷೆ, ಅಹ್ಮದ್, ಪೊಲೀಸರು, ಒಂದನ್ನೂ ಮುಚ್ಚಿಡದೆ ಹೇಳಿದ. ಹೇಳುತ್ತಾ ಅವನ ದನಿ ಒಡೆಯಿತು. "ನಿನ್ನ ಮೇಲೆ ಬರದ ಹಾಗೆ ಆದಷ್ಟು ನೋಡ್ಕೋತೀನಮ್ಮ. ಆದ್ರೆ ಇವನ ಕೈ ಬಿಡೋಕಾಗಲ್ಲ. ನಮ್ಮನೇ ಪಾಯಸ ತಿಂದೇ ಇವನಿಗೆ ಹೀಗಾಯ್ತು."

"ಅಮ್ಮ, ನೀವೇನೂ ಮಾತಾಡ್ಬೇಡಿ," ಎಂದು ಸಾಗರ್ ಥಟ್ಟನೆ ಎದ್ದ. "ನಾವು ಹೊರಡ್ತೀವಿ. ಹೊತ್ತಾಯ್ತು."

ಸುಶೀಲಮ್ಮ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟು, ಅಪರಾಧಿಯಂತೆ ಮಗನ ಮುಖ ನೋಡಿದರು.

"ಗಸಗಸೆ ಎಲ್ಲಿತ್ತೋ? ಬೆಂಗಳೂರು ಏರ್‌ಪೋರ್ಟಲ್ಲಿ ಸಾಲಿನಲ್ಲಿದ್ದ ಹೆಂಗಸೊಬ್ರು ತಗೊಂಡು ಹೋಗ್ಬಾರ್ದು ಅಂದ್ರು, ಅಲ್ಲೇ ಕಸದ ಬುಟ್ಟಿಗೆ ಹಾಕ್ದೆ. ಇವನು ಅಷ್ಟು ಆಸೆಪಟ್ಟಿದ್ದ ಅಂತ ಅಕ್ಕಿ, ಕಾಯಿ, ಬಾದಾಮಿ ರುಬ್ಬಿ ಮಾಡಿ ಬಡಿಸ್ಬಿಟ್ಟೆ."