ಗೆದ್ದ ಕೇಸಿನ ತಾರೀಖು

“ಸಹಿ ಮಾಡ್ರಿ ಕುಂದಾಬಾಯಿ, ನೀವು ಗೆದ್ರಿ,” ಎಂದು ವಕೀಲ ಬಸಯ್ಯ ಬೆಳಗಾವಿ ಕೋರ್ಟಿನ ಪಡಸಾಲೆಯಲ್ಲಿ ಪೆನ್ನು ಚಾಚಿದರು. ಕುಂದಾ ಪೆನ್ನು ಹಿಡಿಯಲಿಲ್ಲ. ಅವಳ ಕಣ್ಣು ಎದುರು ಬೆಂಚಿನಲ್ಲಿ ಕೂತಿದ್ದ ಅಣ್ಣ ಪಂಢರಿನಾಥನ ಮೇಲಿತ್ತು. ಎಷ್ಟು ಸೊರಗಿದ್ದಾನಲ್ಲ! ಮನೆಯಲ್ಲಿ ವೈನಿ ಗಂಡನಿಗೆ ಸರಿಯಾಗಿ ಊಟಕ್ಕೆ ಹಾಕುತ್ತಾಳೋ ಇಲ್ಲವೋ!

ಅಪ್ಪ ಸಾಯುವ ಮುಂಚೆ, ಉದ್ಯಮಬಾಗದ ತನ್ನ ಫೌಂಡ್ರಿ ಕಂಪನಿಯಲ್ಲಿ ಕುಂದಾಳ ಪಾಲಿನ ಶೇರುಗಳನ್ನು ಮಗನ ಹೆಸರಿಗಿಟ್ಟು, ‘ಇವು ತಂಗಿಯವು, ನೀನು ಕಾಯುವವನಷ್ಟೇ’ ಎಂದು ಬರೆಸಿದ್ದ. ಅವಳು ಕೇಳಿದಾಗ ಪಂಢರಿನಾಥ ಕೊಡಲಿಲ್ಲ. ಅವಳ ಗಂಡ ಹೊರಗಿನವರಿಗೆ ಮಾರಿಬಿಟ್ಟಾನೆಂಬ ಹೆದರಿಕೆ. ತಂಗಿ ಕೋರ್ಟು ಹತ್ತಿದಳು. ದೀಪಾವಳಿಯಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ಭಾವುಬೀಜಕ್ಕೆ ತಪ್ಪದೆ ಬರುತ್ತಿದ್ದವನು, ಬರಿದಲೆಯಲ್ಲಿ ಕೂರಬಾರದೆಂದು, ಮರೆತ ಟೋಪಿಯ ಬದಲು ಕರವಸ್ತ್ರವನ್ನೇ ತಲೆಗೆ ಹಾಕಿಕೊಂಡು ಅವಳ ಆರತಿಗೆ ಕೂರುತ್ತಿದ್ದವನು, ಖಾನಾಪುರದ ಅವಳ ಮನೆಯ ದಾರಿಯನ್ನೇ ಮರೆತ.

ಖರೇ ಹೇಳಬೇಕೆಂದರೆ, ತಾರೀಖಿನ ದಿನವೇ ಕುಂದಾಳಿಗೆ ಹಬ್ಬ. ನಸುಕಿನಲ್ಲೆದ್ದು, ಇದ್ದುದರಲ್ಲಿ ಛಲೋ ಸೀರೆ ಉಟ್ಟು ಬೆಳಗಾವಿಯ ಬಸ್ಸು ಹಿಡಿಯುತ್ತಿದ್ದಳು. ಜಗಳಕ್ಕಲ್ಲ, ಅಣ್ಣನ ಮುಖ ನೋಡಲು. ಇವತ್ತು ಅವನು ಶೇರು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿಯೇ ತಂದಿದ್ದ. ಅವಳೂ ಹಾಕಿದರೆ ಕೇಸು ಮುಗಿಯಿತು. ಆಮೇಲೆ ಅಣ್ಣನನ್ನು ಎಲ್ಲಿ ನೋಡುವುದು?

“ವಕೀಲಸಾಹೇಬ್ರ, ಇನ್ನೊಂದು ತಾರೀಖು ತಗೋರಿ.”

“ಹುಚ್ಚು ಹಿಡದೈತೇನ್ರೀ? ಗೆದ್ದ ಕೇಸಿಗೆ ತಾರೀಖು ಕೇಳೋರನ್ನ ಇವತ್ತ ನೋಡಿದೆ!”

ಪಂಢರಿನಾಥ ಸಿಟ್ಟಿನಿಂದ ಎದ್ದು ಬಂದ. “ಎಲ್ಲಾ ಬರದು ಕೊಟ್ಟೇನಲ್ಲಾ. ಇನ್ನೇನು ಬೇಕಾಗೇದ ನಿನಗ?”

ಕೇಸು ಶುರುವಾದ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು. ಕುಂದಾ ಅವನತ್ತ ತಿರುಗಿದಳು.

“ನೀ ಬರೂದು ಬಿಟ್ಟಮ್ಯಾಲ ಭಾವುಬೀಜದ ದಿನಾ ಆಕಾಶದಾಗಿನ ಚಂದಪ್ಪಗ ಆರತಿ ಮಾಡ್ಲಿಕತ್ತೇನಿ, ದಾದಾ. ಅಣ್ಣತಮ್ಮ ಇಲ್ಲದಾಕಿ ಮಾಡ್ತಾಳಲ್ಲ, ಹಂಗ. ಬಾಜೂ ಮನಿಯವರು ನೋಡ್ತಾರಂತ ಹಿತ್ತಲದಾಗ ನಿಂತು ಮಾಡ್ತೇನಿ. ಈ ಕಾಗದ ನಾ ಇಲ್ಲಿ ಒಲ್ಲೆ. ಮನಿಗೆ ಬಂದು ಭಾವುಬೀಜದ ಉಡುಗೊರಿ ಹಂಗ ನನ್ನ ಆರತಿ ತಾಟಿನ್ಯಾಗ ಹಾಕು. ಅಲ್ಲೇ ಸಹಿ ಮಾಡ್ತೇನಿ.”

“ಕೋರ್ಟಿನ ಕೆಲಸ ಹಂಗ ನಡಿಯಂಗಿಲ್ರೀ ತಾಯಿ,” ಎಂದರು ಬಸಯ್ಯ. ಅವರ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ಪಂಢರಿನಾಥ ಜೇಬು ತಡಕಿದ. ಪೆನ್ನು ಹುಡುಕುತ್ತಿದ್ದಾನೆಂದು ಬಸಯ್ಯ ತಮ್ಮದನ್ನು ಅವನತ್ತ ಚಾಚಿದರು. ಅವನು ಅದನ್ನು ನೋಡಲೇ ಇಲ್ಲ. ಮುದುಡಿದ ಕರವಸ್ತ್ರವೊಂದನ್ನು ತೆಗೆದು, ಅಷ್ಟು ಜನರ ನಡುವೆ ತಲೆಯ ಮೇಲೆ ಹಾಕಿಕೊಂಡು, ತಂಗಿಯ ಎದುರು ಕೂತ.